ತವರಿನ ಹಂಬಲ ಕೃತಘ್ನತೆಯೇ?

ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂಬುದು ಹಿರಿಯರ ಮಾತು. ಮಾತೇನೋ ದಿಟ. ಆದರೆ ಅದನ್ನೇ ಮುಂದಿಟ್ಟುಕೊಂಡು, ಪರನಾಡಿನಲ್ಲಿ ಬಾಳುವವರು ತಮ್ಮ ನಾಡಿಗಾಗಿ ಹಂಬಲಿಸುವುದೇ ತಪ್ಪೆನ್ನುವವರೂ ಉಂಟು. ಚಳಿಗಾಲದಲ್ಲಿ ಬೆಂಗಳೂರಿಗೆ ಸ್ವೆಟರ್ ಮಾರಲು ಬರುವ ಟಿಬೆಟನ್ನರನ್ನು ಕಂಡು, "ಇಲ್ಲಿ ಇವರಿಗೇನು ಕಡಿಮೆಯಾಗಿದೆ? ಇನ್ನೂ ಟಿಬೆಟ್ ಎನ್ನುತ್ತಾರಲ್ಲ!" ಎನ್ನುತ್ತಾರೆ. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ.

1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯವನ್ನು ದಾಟಿದರು. ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಇವರಿಗೆ ಬಿಟ್ಟುಕೊಟ್ಟಿತು. ಅದು ಔದಾರ್ಯವೇ ಸರಿ. ಆದರೆ ಬಂದವರು ಕೈಕಟ್ಟಿ ಕೂರಲಿಲ್ಲ. ಡೇರೆಗಳಲ್ಲಿ ಮಲಗಿ ಕಾಡು ಕಡಿದರು. ಸೆಕೆ, ರೋಗ, ಕಾಡಾನೆಗಳನ್ನು ಎದುರಿಸಿದರು. ಹಿಮದ ನಾಡಿನಲ್ಲಿ ಬಾರ್ಲಿಯ ಹಿಟ್ಟು ತಿಂದು ಬೆಳೆದವರು ಇಲ್ಲಿ ಮುಸುಕಿನ ಜೋಳ ಬಿತ್ತುವುದನ್ನು ಕಲಿತರು. ಸಹಕಾರ ಸಂಘವನ್ನೂ ಶಾಲೆಯನ್ನೂ ಮಠಗಳನ್ನೂ ಕಟ್ಟಿದರು. ಮುಂದೆ 1966ರಲ್ಲಿ ಮುಂಡಗೋಡದಲ್ಲಿಯೂ, ಆಮೇಲೆ ಹುಣಸೂರು, ಕೊಳ್ಳೇಗಾಲಗಳ ಕಡೆಯೂ ಇಂಥ ಹಳ್ಳಿಗಳು ಎದ್ದವು.

ಬೆಳೆ ಕೈಗೆ ಬಂದಾಗಿನ ಸಂತೋಷ, ನೆರೆಹಳ್ಳಿಯವರ ಒಡನಾಟ, ಕನ್ನಡ ಆಡುವ ಮಕ್ಕಳು—ಇವೆಲ್ಲ ಈ ಮಣ್ಣು ಅವರಿಗೆ ಕೊಟ್ಟ ಸುಖಗಳು. ಆದರೂ ಮನೆಯಲ್ಲಿ ಉಪ್ಪು ಬೆಣ್ಣೆ ಬೆರೆಸಿದ ಚಹಾ ಕುದಿಯುತ್ತದೆ. ಲೋಸಾರ್ ಹಬ್ಬ ಬಂದಾಗ ಮುದುಕರ ಮನಸ್ಸು ಹಿಮದ ಬೆಟ್ಟಗಳನ್ನೇರುತ್ತದೆ. ಇದರಲ್ಲಿ ದ್ರೋಹವೆಲ್ಲಿದೆ?

ನಮ್ಮ ಮನೆಗಳನ್ನೇ ನೋಡೋಣ. ಮನೆ ತುಂಬಿದ ಸೊಸೆ ಗೌರಿಹಬ್ಬದ ದಿನ ತವರಿನ ಬಾಗಿನಕ್ಕಾಗಿ ದಾರಿ ಕಾಯುತ್ತಾಳೆ. ಹಾಗೆಂದು ಗಂಡನ ಮನೆಯನ್ನು ಆಕೆ ಪ್ರೀತಿಸುವುದಿಲ್ಲವೆಂದು ಯಾರಾದರೂ ಹೇಳಿಯಾರೆ? ಗೌರಿಬಿದನೂರು, ದೊಡ್ಡಬಳ್ಳಾಪುರಗಳ ಹಳ್ಳಿಗಳಿಂದ ಯಲಹಂಕಕ್ಕೆ ಓದಲು ಬಂದ ಗೆಳೆಯರಿಗೂ ಶನಿವಾರ ಸಂಜೆಯಾಯಿತೆಂದರೆ ಊರಿನ ಬಸ್ಸೇ ಕಣ್ಣಮುಂದೆ. ನಮಗೆ ಆ ಬಸ್ಸು ಸಿಗುತ್ತದೆ. ಸೊಸೆಗೂ ತವರಿನ ಬಾಗಿಲು ತೆರೆದಿರುತ್ತದೆ. ಬೈಲಕುಪ್ಪೆಯ ಅನೇಕ ಹಿರಿಯರಿಗೆ ಆ ದಾರಿ ಮತ್ತೆ ತೆರೆಯಲೇ ಇಲ್ಲ. ಹೋದ ನಾಡನ್ನು ಮತ್ತೆ ಕಾಣದೆ ಅವರು ಇದೇ ಮಣ್ಣಿನಲ್ಲಿ ಕಣ್ಮುಚ್ಚಿದರು.

ಅನ್ನ ಕೊಟ್ಟೆವೆಂಬ ಕಾರಣಕ್ಕೆ ಒಬ್ಬರ ನೆನಪನ್ನು ಬಿಟ್ಟುಕೊಡಿರೆಂದು ಕೇಳುವ ಹಕ್ಕು ನಮಗಿಲ್ಲ. ಹೆತ್ತ ನಾಡನ್ನು ಮರೆಯದವರೇ ಸಾಕಿದ ನಾಡಿನ ಋಣವನ್ನೂ ಬಲ್ಲವರು ಎಂಬುದು ನನ್ನ ನಂಬಿಕೆ. ಮುಂದಿನ ಚಳಿಗಾಲದಲ್ಲಿ ಸ್ವೆಟರ್ ಕೊಳ್ಳುವಾಗ ಬೆಲೆಯ ಚೌಕಾಸಿಯ ಜೊತೆಗೆ, ಅವರ ಊರಿನ ಸುದ್ದಿಯನ್ನೂ ಒಂದಿಷ್ಟು ಕೇಳೋಣ.