ಹಿಡಿಯೋನ ದಾರಿ

ಹೋದ ವರ್ಷ ಗಣೇಶನ ಹಬ್ಬಕ್ಕೆ ಊರಿಗೆ ಹೋಗಿದ್ದೆ. ನಮ್ಮ ಕೆರಗೋಡು ಕಡೆ ಗಣೇಶ ಕೂತ ಅಂದ್ರೆ ಸುತ್ತಮುತ್ತ ಒಂದಲ್ಲ ಒಂದು ಊರಲ್ಲಿ ಹೊನಲು ಬೆಳಕಿನ ಕಬಡ್ಡಿ ಇದ್ದೇ ಇರುತ್ತೆ. ಮೊದಲ ಬಹುಮಾನ ಒಂದಿಷ್ಟು ನಗದು, ಜೊತೆಗೊಂದು ಟಗರು. ರಾತ್ರಿ ಹನ್ನೊಂದಾದರೂ ಜನ ಕದಲಲ್ಲ. ನಾನೂ ಚಿಕ್ಕಮ್ಮನೂ ಶಾಲು ಹೊದ್ದುಕೊಂಡು, ಕಡಲೆಕಾಯಿ ಬಿಡಿಸಿಕೊಂಡು ಕೂತಿದ್ದೆವು. ಆಡ್ತಾ ಇದ್ದಿದ್ದು ನಮ್ಮ ಚಿಕ್ಕಪ್ಪನ ಮಗ.

ಕೊನೇ ನಿಮಿಷ. ನಮ್ಮವರು ಒಂದು ಪಾಯಿಂಟ್ ಮುಂದಿದ್ದರು. ಎದುರು ಪಾರ್ಟಿಯ ರೈಡರ್ ಬಂದ, ಬೋನಸ್ ಗೆರೆ ಕಡೆ ಕಾಲು ಚಾಚಿದ, ವಾಪಸ್ ತಿರುಗಬೇಕು ಅನ್ನುವಷ್ಟರಲ್ಲಿ ಎಡ ಮೂಲೆಯಲ್ಲಿದ್ದ ನನ್ನ ತಮ್ಮ ಅವನ ಹಿಮ್ಮಡಿಗೆ ಬಿದ್ದು ಎರಡೂ ಕೈಯಲ್ಲಿ ಹಿಡಿದುಬಿಟ್ಟ. ಮಿಕ್ಕವರು ಮೇಲೆ ಬಿದ್ದರು. ಅಲ್ಲಿಗೆ ಆಟ ಮುಗೀತು.

ಆಮೇಲೆ ಏನಾಯ್ತು ಗೊತ್ತಾ? ಹುಡುಗರು ಓಡಿಬಂದು ನಮ್ಮ ಕಡೆಯ ರೈಡರ್‌ನ ಹೆಗಲ ಮೇಲೆ ಹೊತ್ತು ಕುಣಿದರು. ನನ್ನ ತಮ್ಮನ ಕೈಗೆ ಟಗರಿನ ಹಗ್ಗ ಕೊಟ್ಟು "ಹಿಡ್ಕೊಂಡಿರು ಮಗ, ಬತ್ತೀವಿ" ಅಂದರು. ಅಲ್ಲೂ ಅವನದು ಹಿಡಿಯೋ ಕೆಲಸವೇ.

ಬೆಳಿಗ್ಗೆ ತಿಂಡಿ ತಿನ್ನೋವಾಗ ಮಾತು ತೆಗೆದ. "ಅಕ್ಕ, ಪ್ರೊ ಕಬಡ್ಡಿ ಟ್ರಯಲ್ಸ್‌ಗೆ ಓಯ್ತೀನಿ ಕಣಕ್ಕ. ಅಪ್ಪನಿಗೆ ನೀನೇ ಒಂದು ಮಾತು ಹೇಳು." ಮಂಡ್ಯದ ಕಾಲೇಜಲ್ಲಿ ಬಿ.ಕಾಂ. ಕೊನೇ ವರ್ಷ. ದಿನಾ ಬಸ್ಸಲ್ಲಿ ಓಡಾಡ್ತಾನೆ. ಒಳಗಿದ್ದ ಚಿಕ್ಕಪ್ಪನಿಗೆ ಕೇಳಿಸಿತು. ಹೊರಗೆ ಬಂದವರು ನನ್ನ ಮುಖ ನೋಡಿ, "ನೀನು ಓದಿರೋಳು, ನೀನೇ ಹೇಳವ್ವ. ಕಬಡ್ಡಿ ಆಡಿ ಯಾರು ಉದ್ಧಾರ ಆಗವ್ರೆ?" ಅಂದರು. ಇಬ್ಬರೂ ನನ್ನನ್ನೇ ಪಂಚಾಯ್ತಿಗೆ ಕೂರಿಸಿದ್ದರು. ಒಂದು ವಾರ ಟೈಮ್ ಕೊಡಿ ಅಂದು ಬೆಂಗಳೂರಿಗೆ ಬಂದೆ.

ಇಂಜಿನಿಯರ್‌ಗಳಿಗೆ ಒಂದು ಚಾಳಿ ಇರುತ್ತೆ. ತಲೆನೋವು ಬಂದರೆ ಮೊದಲು ಎಕ್ಸೆಲ್ ತೆಗೀತೀವಿ. ನಾನೂ ಅದನ್ನೇ ಮಾಡಿದೆ.

ನಮ್ಮ ಟೀಮಿನ ಮ್ಯಾನೇಜರ್ ಅಮೆರಿಕದವರು. ಸೋಮವಾರದ ಕಾಲ್‌ನಲ್ಲಿ ಮೊದಲ ಐದು ನಿಮಿಷ ಅವರ ದೇಶದ ಫುಟ್‌ಬಾಲ್ ಪುರಾಣ. ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋ ಆಟ. ಅದರಲ್ಲಿ ಲೈನ್‌ಬ್ಯಾಕರ್ ಅಂತ ಒಬ್ಬ ಇರ್ತಾನೆ. ಮುಂದಿನ ಸಾಲಿನ ದೈತ್ಯರ ಬೆನ್ನ ಹಿಂದೆ ನಿಂತು, ಚೆಂಡು ಹಿಡಿದು ಯಾರು ಎಲ್ಲಿಂದ ನುಗ್ಗುತ್ತಾರೆ ಅಂತ ಅಂದಾಜು ಮಾಡಿ ಕೆಡವೋದು ಅವನ ಕೆಲಸ. ನನ್ನ ತಮ್ಮನ ಕಥೆ ಹೇಳಿದೆ. "ಹಾಗಾದ್ರೆ ನಿನ್ನ ತಮ್ಮ ನಮ್ಮ ಲೈನ್‌ಬ್ಯಾಕರ್ ಇದ್ದ ಹಾಗೆ" ಅಂದರು. ಹೋಲಿಕೆ ಸರಿಯಾಗೇ ಇದೆ ಅನ್ನಿಸಿತು. ಇಬ್ಬರೂ ಎದುರಾಳಿಯ ಮುಖ ನೋಡಿದರೆ ಮೋಸ ಹೋಗ್ತಾರೆ, ಸೊಂಟ ನೋಡಬೇಕು. ಮುಖ ಸುಳ್ಳು ಹೇಳಬಹುದು, ಸೊಂಟ ಹೇಳಲ್ಲ.

ಅಲ್ಲಿ ಕಾಲೇಜು ತಂಡವೇ ವೃತ್ತಿ ಆಟಕ್ಕೆ ಮೆಟ್ಟಿಲು. ಆಡೋ ಹುಡುಗನಿಗೆ ವಿದ್ಯಾರ್ಥಿವೇತನ, ತರಬೇತುದಾರರು, ಡಾಕ್ಟರು ಎಲ್ಲ ಕಾಲೇಜಿನದೇ. ವರ್ಷಕ್ಕೊಮ್ಮೆ ಡ್ರಾಫ್ಟ್ ನಡೆಯುತ್ತೆ. 32 ತಂಡಗಳು ಏಳು ಸುತ್ತಿನಲ್ಲಿ ಸುಮಾರು 250 ಹುಡುಗರನ್ನ ಆರಿಸಿಕೊಳ್ಳುತ್ತವೆ. ಇಷ್ಟೆಲ್ಲ ವ್ಯವಸ್ಥೆ ಇದ್ದೂ ಕಾಲೇಜಲ್ಲಿ ಆಡಿದವರಲ್ಲಿ ನೂರಕ್ಕೆ ಇಬ್ಬರು ಕೂಡ ಮೇಲಕ್ಕೆ ಮುಟ್ಟಲ್ಲ.

ಇನ್ನು ನಮ್ಮಲ್ಲಿ? ಕಾಲೇಜು ತಂಡ, ಅಲ್ಲಿಂದ ವಿಶ್ವವಿದ್ಯಾಲಯ ತಂಡ, ದಕ್ಷಿಣ ವಲಯ, ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಟೂರ್ನಿ. ಇದು ಒಂದು ಏಣಿ. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬಂದ ಮೇಲೆ ಇನ್ನೊಂದು ಮೆಟ್ಟಿಲು ಸೇರಿತು. 2022ರಲ್ಲಿ ಈ ಕೂಟ ನಮ್ಮ ಬೆಂಗಳೂರಲ್ಲೇ ನಡೆದಾಗ, ಕಬಡ್ಡಿಯಲ್ಲಿ ಮೊದಲ ಎರಡು ಸ್ಥಾನ ಪಡೆದ ತಂಡಗಳ ಆಟಗಾರರನ್ನ ಅದೇ ವರ್ಷದ ಪ್ರೊ ಕಬಡ್ಡಿ ಹರಾಜಿನ ಪಟ್ಟಿಗೆ ಸೇರಿಸಿದರು. ಇದಲ್ಲದೆ ಹೊಸ ಹುಡುಗರಿಗೆ ಅಂತಲೇ ಟ್ರಯಲ್ಸ್ ಇವೆ. ಕಾಲೇಜಿನ ಅಂಗಳದಿಂದ ಟೀವಿಯ ಮ್ಯಾಟ್‌ಗೆ ದಾರಿ ಇಲ್ಲ ಅನ್ನೋ ಹಾಗಿಲ್ಲ. ಆದರೆ ಅದು ಗದ್ದೆ ಬದುವಿನಷ್ಟೇ ಅಗಲ.

ದುಡ್ಡಿನ ಲೆಕ್ಕವನ್ನೂ ಬರೆದೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಹರಾಜಿನ ಅತಿ ದೊಡ್ಡ ಬೆಲೆ ರಾಕೇಶ್ ಕುಮಾರ್ ಅವರದು, 12.8 ಲಕ್ಷ. 2023ರಲ್ಲಿ ಪವನ್ ಸೆಹ್ರಾವತ್‌ಗೆ ತೆಲುಗು ಟೈಟನ್ಸ್ ಕೊಟ್ಟಿದ್ದು 2 ಕೋಟಿ 60 ಲಕ್ಷಕ್ಕೂ ಜಾಸ್ತಿ. ಆದರೆ ಕೇಳಿ, ಇದರಲ್ಲಿ ಮೊದಲು ಒಂದು ಕೋಟಿ ಮುಟ್ಟಿದವರು ರೈಡರ್ ಅಲ್ಲ. 2018ರಲ್ಲಿ ಯು ಮುಂಬಾ ತಂಡ ಕೋಟಿ ಕೊಟ್ಟು ಕೊಂಡಿದ್ದು ಇರಾನಿನ ಫಜಲ್ ಅತ್ರಾಚಲಿಯನ್ನ. ಅವರು ಎಡ ಮೂಲೆಯ ಆಟಗಾರ, ನನ್ನ ತಮ್ಮ ನಿಲ್ಲೋ ಜಾಗವೇ. ಅದೇ ವರ್ಷ ಜಕಾರ್ತದ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಇರಾನ್ ನಮ್ಮನ್ನ ಕೆಡವಿತು. 1990ರಿಂದ ಸತತ ಏಳು ಸಲ ಚಿನ್ನ ಗೆದ್ದಿದ್ದ ಭಾರತ ಕಂಚಿಗೆ ಇಳಿಯಿತು.

ಅಷ್ಟಾದರೂ ಹಿಡಿಯೋನ ಲೆಕ್ಕವೇ ಬೇರೆ. ರೈಡರ್ ಒಂದೇ ದಾಳಿಯಲ್ಲಿ ಮೂವರನ್ನ ಮುಟ್ಟಿ ಬಂದರೆ ಮೂರು ಪಾಯಿಂಟ್. ಹಿಡಿಯೋನು ಜೀವ ಬಿಟ್ಟು ಹಿಡಿದರೂ ಒಂದೇ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಮ್ಮಿ ಜನ ಉಳಿದಾಗ ಹಿಡಿದರೆ ಮಾತ್ರ ಎರಡು, ಅದಕ್ಕೆ ಸೂಪರ್ ಟ್ಯಾಕಲ್ ಅಂತಾರೆ. ಆತುರಪಟ್ಟು ಕೈ ಹಾಕಿ ತಪ್ಪಿದರೆ ಎದುರಾಳಿಗೆ ಪಾಯಿಂಟ್, ಇವನು ಹೊರಗೆ. ರೈಡರ್ ಪರ್ದೀಪ್ ನರ್ವಾಲ್ ಗಳಿಸಿದ ರೈಡ್ ಪಾಯಿಂಟ್ 1,800 ದಾಟಿದೆ. ಹಿಡಿಯೋದರಲ್ಲಿ ದೊಡ್ಡ ಹೆಸರಾದ ಫಜಲ್ ಅವರದು 500 ದಾಟಿದೆ ಅಷ್ಟೇ. ಒಂದು ಇಡೀ ಆಟದಲ್ಲಿ ಐದು ಸಲ ಹಿಡಿದರೆ ಅದನ್ನೇ ಹಬ್ಬದ ಹಾಗೆ ಹೈ ಫೈವ್ ಅಂತ ಆಚರಿಸ್ತಾರೆ.

ಎಕ್ಸೆಲ್‌ನ ಕೊನೇ ಸಾಲಿಗೆ ಬಂದೆ. 12 ತಂಡ. ಒಂದೊಂದರಲ್ಲಿ ಹೆಚ್ಚೆಂದರೆ 25 ಜನ. ಅಂದರೆ ದೇಶಕ್ಕೆಲ್ಲ ಸೇರಿ, ಇರಾನಿನವರನ್ನೂ ಲೆಕ್ಕಕ್ಕೆ ತಗೊಂಡು, 300 ಜಾಗ. 2024ರ ಹರಾಜಿನಲ್ಲಿ ಕೆಳಗಿನ ದರ್ಜೆಯ ಮೂಲ ಬೆಲೆ 9 ಲಕ್ಷ. ಕೇಳೋಕೆ ಚೆನ್ನಾಗಿದೆ. ಆದರೆ ಸೀಸನ್ ನಡೆಯೋದು ಎರಡು ಮೂರು ತಿಂಗಳು. ಮಂಡಿ ಹೋದರೆ ಮುಂದಿನ ಸೀಸನ್ ಇಲ್ಲ.

ಮೊದಲಾಗಿದ್ದರೆ ಇನ್ನೊಂದು ದಾರಿ ಇತ್ತು. ಚೆನ್ನಾಗಿ ಆಡೋ ಹುಡುಗನಿಗೆ ಬ್ಯಾಂಕ್ ಕೆಲಸ. ವಿಜಯಾ ಬ್ಯಾಂಕಿನ ಕಬಡ್ಡಿ ತಂಡ ಅಂದರೆ ರಾಜ್ಯದಲ್ಲಿ ಎಲ್ಲರಿಗೂ ಗೊತ್ತಿತ್ತು. ಆಟವೂ ಉಂಟು, ತಿಂಗಳಿಗೆ ಸಂಬಳವೂ ಉಂಟು, ಮಂಡಿ ಹೋದಮೇಲೆ ಕೌಂಟರ್‌ನಲ್ಲಿ ಕುರ್ಚಿಯೂ ಉಂಟು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಜೊತೆ, 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾ ಜೊತೆ ವಿಲೀನ ಆದವು. ಬೋರ್ಡಿನ ಹೆಸರೇ ಈಗಿಲ್ಲ. ರೈಲ್ವೆ, ಸೇನೆ, ಪೊಲೀಸ್ ಇಲಾಖೆಯ ಕ್ರೀಡಾ ಕೋಟಾ ಇನ್ನೂ ಇವೆ. ನಮ್ಮ ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ರೈಲ್ವೆಯಲ್ಲಿದ್ದುಕೊಂಡೇ ದೇಶದ ನಾಯಕಿಯಾದರು, 2014ರ ಅರ್ಜುನ ಪ್ರಶಸ್ತಿ ಪಡೆದರು. ಹೆಣ್ಣುಮಕ್ಕಳಿಗೆ 2016ರಲ್ಲಿ ಮೂರು ತಂಡಗಳ ಒಂದು ಲೀಗ್ ನಡೆಸಿ ಅಲ್ಲಿಗೇ ನಿಲ್ಲಿಸಿದರು. ಇವನ ಜಾಗದಲ್ಲಿ ತಂಗಿ ಇದ್ದಿದ್ದರೆ ಈ ಪಂಚಾಯ್ತಿಯೇ ಇರ್ತಿರಲಿಲ್ಲ ಅಂತಲೂ ಅನ್ನಿಸಿತು.

ಮುಂದಿನ ಶನಿವಾರ ಲ್ಯಾಪ್‌ಟಾಪ್ ಹಿಡ್ಕೊಂಡು ಊರಿಗೆ ಹೋದೆ. ತಮ್ಮನನ್ನ ಜಗುಲಿ ಮೇಲೆ ಕೂರಿಸಿ ಒಂದೊಂದೇ ಸಾಲು ತೋರಿಸಿದೆ. ಸುಮ್ಮನೆ ಕೇಳಿದ. ಎದ್ದು ಹೋಗೋವಾಗ ಎಡಗಾಲು ಸ್ವಲ್ಪ ಎಳೆದ ಹಾಗೆ ಕಂಡಿತು. ಏನೋ ಇದು ಅಂದೆ. ಏನಿಲ್ಲ ಅಂದ. ಪಟ್ಟು ಹಿಡಿದ ಮೇಲೆ ಬಾಯಿ ಬಿಟ್ಟ. ಆರು ತಿಂಗಳ ಹಿಂದೆ ಒಂದು ಟೂರ್ನಿಯಲ್ಲಿ ಮಂಡಿ ತಿರುಚಿತ್ತಂತೆ. ಮನೆಯಲ್ಲಿ ಬೈಕಿಂದ ಬಿದ್ದೆ ಅಂದಿದ್ದ. ನೋವಿನ ಮಾತ್ರೆ ನುಂಗಿ, ಬ್ಯಾಂಡೇಜ್ ಸುತ್ತಿಕೊಂಡು ಗಣೇಶನ ಹಬ್ಬದಲ್ಲಿ ಆಡಿದ್ದ. "ಹೇಳಿದ್ರೆ ಆಟ ಬಿಡುಸ್ತಿದ್ರಿ ಕಣಕ್ಕ" ಅಂದ.

ನನಗೆ ಸಿಟ್ಟು ಬಂತು, ಅಳುವೂ ಬಂತು. ಅಷ್ಟು ಹೊತ್ತು ನಾನು ತೋರಿಸಿದ ಎಕ್ಸೆಲ್‌ನಲ್ಲಿ ಅವನ ಮಂಡಿಗೆ ಒಂದು ಕಾಲಂ ಇರಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ನೆನಪಾಗಿದ್ದು 2013. ನನಗೆ ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಅಪ್ಪನ ಹತ್ತಿರ ದುಡ್ಡು ಸಾಲದು. ಚಿಕ್ಕಪ್ಪ ಆ ವರ್ಷದ ಕಬ್ಬಿನ ದುಡ್ಡು ತಂದು ಅಪ್ಪನ ಕೈಯಲ್ಲಿಟ್ಟು, "ಮಗ ಓದಲಿ" ಅಂದಿದ್ದರು. ಊರಲ್ಲಿ ನನಗಿಂತ ಮುಂಚೆ ಇಂಜಿನಿಯರಿಂಗ್ ಮುಗಿಸಿ ಕೆಲಸ ಸಿಗದೆ ಕೂತವರು ಇದ್ದರು. ಎಷ್ಟು ಜನಕ್ಕೆ ಕೆಲಸ ಸಿಗುತ್ತೆ, ನೂರಕ್ಕೆ ಎಷ್ಟು ಅಂತ ಚಿಕ್ಕಪ್ಪ ಲೆಕ್ಕ ಹಾಕಲಿಲ್ಲ. ಇವತ್ತಿನವರೆಗೂ ಆ ದುಡ್ಡಿನ ಮಾತೇ ಎತ್ತಿಲ್ಲ. ಹಾಗೆ ಓದಿದ ನಾನು ಅವರ ಮಗನ ಮುಂದೆ ಲೆಕ್ಕ ಹಿಡ್ಕೊಂಡು ಕೂತಿದ್ದೆ.

ಹಾಗಂತ ಲೆಕ್ಕ ಸುಳ್ಳಲ್ಲ. ಕನಸು ಕಾಣ್ತಾನೆ ಅಂತ ಕಣ್ಣು ಮುಚ್ಚಿಕೊಂಡು ಕಳಿಸೋಕೆ ಆಗಲ್ಲ. ಹೋಗಬೇಡ ಅಂದರೆ ಮಾತ್ರೆ ನುಂಗಿ ಕದ್ದು ಹೋಗ್ತಾನೆ. ನನಗೆ ಕಂಡ ದಾರಿ ಒಂದೇ. ಅವನ ಆಟ ಮನೆಯವರ ಕಣ್ಣ ಮುಂದೆ ನಡೀಬೇಕು.

ಬೆಳಿಗ್ಗೆ ಮೂವರನ್ನೂ ಕೂರಿಸಿ ಮಾತಾಡಿದೆ. ಎರಡು ವರ್ಷ ಸಮಯ. ಡಿಗ್ರಿ ಬಿಡೋ ಹಾಗಿಲ್ಲ. ಮೊದಲು ಮಂಡಿ ತೋರಿಸಬೇಕು, ಡಾಕ್ಟರು ಸರಿ ಅನ್ನೋವರೆಗೂ ಅಂಕಣಕ್ಕೆ ಇಳಿಯೋ ಹಾಗಿಲ್ಲ. ಕ್ರೀಡಾ ಕೋಟಾದ ಅರ್ಜಿ ಕರೆದಾಗಲೆಲ್ಲ ಹಾಕಬೇಕು. ನೋವು ಬಚ್ಚಿಟ್ಟರೆ ಅವತ್ತೇ ಮಾತು ಮುರೀತು. ಖರ್ಚು ನನ್ನದು. "ನಿನ್ ಖರ್ಚು ಯಾಕವ್ವ?" ಅಂದರು ಚಿಕ್ಕಪ್ಪ. "2013ರ ಬಾಕಿ ಚಿಕ್ಕಪ್ಪ" ಅಂದೆ. ಅವರು ಎದ್ದು ಹಸು ಕಟ್ಟೋಕೆ ಹೋದರು. ಚಿಕ್ಕಮ್ಮ ಸೆರಗಲ್ಲಿ ಮುಖ ಒರೆಸಿಕೊಂಡರು.

ಮಂಡ್ಯದಲ್ಲಿ ಸ್ಕ್ಯಾನ್ ಆಯ್ತು. ಅಸ್ಥಿರಜ್ಜು ಪೂರ್ತಿ ಹರಿದಿಲ್ಲ, ಆಪರೇಷನ್ ಬೇಡ, ಫಿಸಿಯೋಥೆರಪಿ ಸಾಕು ಅಂದರು. ಮೂರು ತಿಂಗಳು ಕಬಡ್ಡಿ ಬಂದ್. ಗೋಡೆಗೆ ಒರಗಿ ಮಂಡಿ ಮಡಚೋದು, ಮೆಟ್ಟಿಲು ಹತ್ತೋದು, ತೊಡೆಗೆ ಬಲ ಬರೋ ವ್ಯಾಯಾಮ. ಅವನಿಗೆ ಆಟಕ್ಕಿಂತ ಅದೇ ಕಷ್ಟ ಆಯ್ತು. ಮ್ಯಾಟ್ ಮೇಲೆ ಆಡೋ ಶೂ ನಾನೇ ಕೊಡಿಸಿದೆ. ಮಣ್ಣಲ್ಲಿ ಬರಿಗಾಲಲ್ಲಿ ಆಡಿದವನಿಗೆ ಮ್ಯಾಟ್ ಬೇರೆಯೇ ಆಟ. ಮಣ್ಣಲ್ಲಿ ಕಾಲು ಜಾರಿಕೊಂಡು ಹೋಗಿ ಹಿಡೀಬಹುದು. ಮ್ಯಾಟ್ ಕಾಲನ್ನ ಕಚ್ಚಿ ಹಿಡಿಯುತ್ತೆ, ದೇಹ ತಿರುಗಿದರೂ ಮಂಡಿ ತಿರುಗಲ್ಲ.

ಆ ಮೂರು ತಿಂಗಳು ಸಂಜೆ ಮನೆಯಲ್ಲೇ ಇರ್ತಿದ್ದನಲ್ಲ, ಅಪ್ಪ ಮಗ ಜೊತೆಗೆ ಕೂತು ಪ್ರೊ ಕಬಡ್ಡಿ ನೋಡೋಕೆ ಶುರು ಮಾಡಿದರು. ನಮ್ಮ ಬೆಂಗಳೂರು ಬುಲ್ಸ್ ಕೊನೇ ಸ್ಥಾನಕ್ಕೆ ಇಳಿದ ಸೀಸನ್ ಅದು. ಚಿಕ್ಕಪ್ಪ ಬೈಕೊಂಡೇ ನೋಡ್ತಿದ್ದರಂತೆ. ಡಿಸೆಂಬರ್ 29ರ ಫೈನಲ್‌ನಲ್ಲಿ ಒಂದು ಕಡೆ ಪಾಟ್ನಾ ಪೈರೇಟ್ಸ್, ಆ ಸೀಸನ್‌ನಲ್ಲಿ ಎಲ್ಲರಿಗಿಂತ ಹೆಚ್ಚು ರೈಡ್ ಪಾಯಿಂಟ್ ತಂದ ದೇವಾಂಕ್ ಇದ್ದ ತಂಡ. ಇನ್ನೊಂದು ಕಡೆ ಹಿಡಿಯೋದರಲ್ಲಿ ಗಟ್ಟಿಯಾದ ಹರಿಯಾಣ ಸ್ಟೀಲರ್ಸ್. ಹರಿಯಾಣ 32–23ರಲ್ಲಿ ಗೆದ್ದಿತು. ಚಿಕ್ಕಪ್ಪ ಅವತ್ತು ರಾತ್ರಿನೇ ನನಗೆ ಫೋನ್ ಮಾಡಿದರು. "ಹಿಡಿಯೋರೇ ಗೆದ್ರು ಕಣವ್ವ" ಅಂದರು, ಅವರೇ ಗೆದ್ದ ಹಾಗೆ.

ಈ ವರ್ಷ ಡಾಕ್ಟರು ಸರಿ ಅಂದ ಮೇಲೆ ತಮ್ಮ ಒಂದು ಟ್ರಯಲ್ಸ್‌ಗೆ ಹೋಗಿಬಂದ. ಮೊದಲ ಸುತ್ತು ದಾಟಿದ. ಎರಡನೇ ಸುತ್ತಿನಲ್ಲಿ ಆತುರಪಟ್ಟು ಎರಡು ಸಲ ಮುಂಚೆಯೇ ಕೈ ಹಾಕಿದ, ಎರಡೂ ತಪ್ಪಿದವು. ಹೆಸರು ಬರಲಿಲ್ಲ. ವಾಪಸ್ ಬರೋವಾಗ ಬಸ್ಸಿಂದಲೇ ನನಗೆ ಫೋನ್ ಮಾಡಿ, "ಅಪ್ಪನಿಗೆ ಹೆಂಗ್ ಹೇಳ್ಲಿ ಅಕ್ಕ?" ಅಂದ. ಇದ್ದದ್ದು ಇದ್ದ ಹಾಗೆ ಹೇಳು ಅಂದೆ.

ಬಸ್ ಸ್ಟಾಪಿಗೆ ಚಿಕ್ಕಪ್ಪನೇ ಸ್ಕೂಟರ್ ತಗೊಂಡು ಹೋಗಿದ್ದರಂತೆ. "ಉಣ್ಣದಾ?" ಅಂತ ಕೇಳಿದರಂತೆ. ಇವನು ಎಲ್ಲ ಹೇಳಿದ. ಅರ್ಧ ದಾರಿ ಬರೋವರೆಗೂ ಚಿಕ್ಕಪ್ಪ ಮಾತಾಡಲಿಲ್ಲ. ಆಮೇಲೆ, "ಅವನು ತಿರುಗೋಗಂಟ ಕಾಯಬೇಕಿತ್ತು ಕಣ್ಲಾ, ಯಾಕ್ ಆತುರ ಬಿದ್ದೆ?" ಅಂದರಂತೆ.

ನನಗೆ ಇದನ್ನ ಹೇಳೋವಾಗ ತಮ್ಮ ನಗ್ತಾ ಇದ್ದ. ಎರಡು ವರ್ಷದಲ್ಲಿ ಇನ್ನೂ ಒಂದು ವರ್ಷದ ಮೇಲೆ ಬಾಕಿ ಇದೆ. ಮುನ್ನೂರರಲ್ಲಿ ಒಂದು ಜಾಗ ಅವನಿಗೆ ಸಿಗುತ್ತೋ ಇಲ್ಲವೋ, ಅದು ಅವನ ಕಾಲು ಮತ್ತು ತಾಳ್ಮೆಗೆ ಬಿಟ್ಟಿದ್ದು. ಮಂಡಿ ನೋವು ಬಂದರೆ ಮಾತ್ರ ಈಗ ಮೊದಲು ಅವರಪ್ಪನಿಗೇ ಹೇಳ್ತಾನೆ.