ಕೀಲುನೋವಿನ ಮರೆಯಲ್ಲಿ ಹೃದಯದ ಕಾಯಿಲೆ

ಗಂಟುನೋವೆಂದರೆ ನಮ್ಮಲ್ಲಿ ವಯಸ್ಸಿನ ಬಾಧೆ, ಇಲ್ಲವೇ ವಾಯುವಿನ ಉಪದ್ರವ. ಎಣ್ಣೆ ತಿಕ್ಕಿ ಬಿಸಿನೀರು ಹುಯ್ದುಕೊಳ್ಳುವುದು, ಅದಕ್ಕೂ ಬಗ್ಗದಿದ್ದರೆ ಔಷಧಿ ಅಂಗಡಿಯಿಂದ ಎರಡು ಗುಳಿಗೆ ತಂದು ನುಂಗುವುದು ರೂಢಿ. ಸವೆತದಿಂದ ಬರುವ ಮಂಡಿನೋವಿಗೆ ಈ ಉದಾಸೀನ ಹೇಗೋ ನಡೆದೀತು. ರುಮಟಾಯ್ಡ್ ಸಂಧಿವಾತದ ವಿಷಯದಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು.

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವುದು ಈ ರೋಗದ ಮೂಲ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು-ಮೂರು ಪಟ್ಟು ಹೆಚ್ಚು. ಕೀಲಿನ ಪೊರೆಯನ್ನು ಕೆರಳಿಸುವ ಉರಿಯೂತ ಅಲ್ಲಿಗೇ ನಿಲ್ಲದೆ, ರಕ್ತದ ಮೂಲಕ ಅಪಧಮನಿಗಳ ಒಳಪದರವನ್ನೂ ಘಾಸಿಗೊಳಿಸುತ್ತದೆ. ಅಲ್ಲಿ ಕೊಬ್ಬು ಶೇಖರವಾಗುತ್ತದೆ. ಆ ಗಡ್ಡೆ ಬಿರಿದರೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತ. ಇತರರಿಗಿಂತ ಈ ರೋಗಿಗಳಿಗೆ ಹೃದ್ರೋಗದ ಅಪಾಯ ಸುಮಾರು ಒಂದೂವರೆ ಪಟ್ಟು. ಸಾಮಾನ್ಯ ಕೋಷ್ಟಕಗಳಿಂದ ಲೆಕ್ಕಹಾಕಿದ ಅಪಾಯವನ್ನು ಇವರಿಗೆ 1.5ರಿಂದ ಗುಣಿಸಬೇಕೆಂದು ಯುರೋಪಿನ ತಜ್ಞರ ಸಂಘಟನೆ ಯೂಲಾರ್ 2017ರಲ್ಲಿ ಪ್ರಕಟಿಸಿದ ಶಿಫಾರಸು ಹೇಳುತ್ತದೆ. ಬ್ರಿಟನ್ನಿನ ವೈದ್ಯರು ಬಳಸುವ ಅಪಾಯ ಗಣನೆಯಲ್ಲಂತೂ 2008ರಿಂದಲೇ ಸಂಧಿವಾತಕ್ಕೆ ಪ್ರತ್ಯೇಕ ಸ್ಥಾನವಿದೆ.

ಇಲ್ಲೊಂದು ವಿಪರ್ಯಾಸವಿದೆ. ಉರಿಯೂತ ಉಲ್ಬಣಿಸಿದಾಗ ರಕ್ತದ ಕೊಲೆಸ್ಟರಾಲ್ ಏರುವ ಬದಲು ಇಳಿಯುತ್ತದೆ! ಪ್ರಯೋಗಾಲಯದ ವರದಿ ನೋಡಿ ರೋಗಿ ನಿಶ್ಚಿಂತೆಯಿಂದಿರುವ ಹೊತ್ತಿಗೇ ಅಪಾಯ ಹೆಚ್ಚಾಗಿರುತ್ತದೆ. ಸಾಲದ್ದಕ್ಕೆ, ಈ ರೋಗಿಗಳಲ್ಲಿ ಎದೆನೋವೇ ಇಲ್ಲದ ಹೃದಯಾಘಾತ ಇತರರಿಗಿಂತ ಹೆಚ್ಚಾಗಿ ಕಂಡುಬಂದಿದೆ. ಮೊದಲೇ ಮೈಕೈ ನೋವಿನಲ್ಲಿ ಬದುಕುವ ಗೃಹಿಣಿಯ ಸುಸ್ತು, ಏದುಸಿರುಗಳನ್ನು ಮನೆಯವರಾದರೂ ಗಂಭೀರವಾಗಿ ಪರಿಗಣಿಸುತ್ತಾರೆಯೇ?

ಇನ್ನು ಗುಳಿಗೆಗಳ ಮಾತು. ರೋಫೆಕಾಕ್ಸಿಬ್ ಎಂಬ ನೋವುನಿವಾರಕ ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆಂದು ತಿಳಿದು 2004ರಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಲಾಯಿತು. ಡೈಕ್ಲೋಫಿನಾಕ್ ಕೂಡ ಈ ದೃಷ್ಟಿಯಿಂದ ನಿರಪಾಯಕಾರಿಯಲ್ಲ. ಸ್ಟೀರಾಯ್ಡ್ ದೀರ್ಘಕಾಲ ಸೇವಿಸಿದರೆ ರಕ್ತದೊತ್ತಡ, ಸಕ್ಕರೆ ಎರಡೂ ಏರುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ, ರೋಗದ ಮೂಲವನ್ನೇ ಹತ್ತಿಕ್ಕುವ ಮೆಥೋಟ್ರೆಕ್ಸೇಟ್ ಪಡೆದ ಸಂಧಿವಾತ ರೋಗಿಗಳಲ್ಲಿ ಹೃದ್ರೋಗದ ಸಾವು ಕಡಿಮೆಯೆಂದು 2002ರಲ್ಲೇ ಲ್ಯಾನ್ಸೆಟ್ ಪತ್ರಿಕೆಯ ವರದಿ ತಿಳಿಸಿತ್ತು. ಅದು ದುಬಾರಿ ಔಷಧವೇನಲ್ಲ. ಆದರೆ ವಾರಕ್ಕೊಮ್ಮೆ ಮಾತ್ರ ಸೇವಿಸಬೇಕಾದದ್ದು, ಆಗಾಗ ರಕ್ತಪರೀಕ್ಷೆಯನ್ನು ಬೇಡುವಂಥದ್ದು. ಅಂಗಡಿಯವರ ಸಲಹೆಯ ಮೇಲೆ ನುಂಗುವಂಥದ್ದಲ್ಲ.

ಸಂಧಿವಾತದ ತಜ್ಞರಿರುವುದು ಬಹುಪಾಲು ದೊಡ್ಡ ನಗರಗಳಲ್ಲಿ. ಅವರನ್ನು ಕಂಡವರಲ್ಲೂ ಕೀಲು ನೋಡುವ ವೈದ್ಯರು ಒಬ್ಬರು, ಹೃದಯ ನೋಡುವವರು ಇನ್ನೊಬ್ಬರು. ನಡುವೆ ಕಡತ ಹೊತ್ತು ತಿರುಗುವವಳು ರೋಗಿ. ಸರ್ಕಾರ 30 ವರ್ಷ ದಾಟಿದವರಿಗೆ ನಡೆಸುವ ತಪಾಸಣೆ ಮುಖ್ಯವಾಗಿ ಮಧುಮೇಹ, ರಕ್ತದೊತ್ತಡ ಮತ್ತು ಮೂರು ಬಗೆಯ ಕ್ಯಾನ್ಸರ್ ಕುರಿತಾದದ್ದು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೇಕೇ ಎಂಬ ಒಂದು ಪ್ರಶ್ನೆಯನ್ನು ಅದಕ್ಕೆ ಸೇರಿಸಲು ಖರ್ಚೇನೂ ತಗಲದು. ಹಾಗೆಯೇ, ರುಮಟಾಯ್ಡ್ ಸಂಧಿವಾತ ಖಚಿತವಾದ ದಿನವೇ ರೋಗಿಯ ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶಗಳ ಜೊತೆಗೆ ಧೂಮಪಾನದ ವಿವರವನ್ನೂ ಕೀಲಿನ ಚೀಟಿಯಲ್ಲೇ ದಾಖಲಿಸುವ ಕ್ರಮ ನಮ್ಮ ಜಿಲ್ಲಾಸ್ಪತ್ರೆಗಳಿಂದಲೇ ಆರಂಭವಾಗಬೇಕು.