ನಗೆ ಯಾರ ಕಡೆ ತಿರುಗಿದೆ?

ಚುನಾವಣೆ ಘೋಷಣೆಯಾದರೆ ಪರವಾನಗಿ ಇರುವ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವ ಮಾತು ಏಳುತ್ತದೆ. ನ್ಯಾಮತಿ, ಹೊನ್ನಾಳಿ, ಚನ್ನಗಿರಿಯ ಕಾಡಂಚಿನಲ್ಲಿ ಹಂದಿ ಕಾಟಕ್ಕೆಂದು ಕೋವಿ ಇಟ್ಟುಕೊಂಡ ರೈತರಿಗೆ ಇದು ಹೊಸದಲ್ಲ. ಮೆಕ್ಕೆಜೋಳ ತೆನೆಗಟ್ಟುವ ಕಾಲದಲ್ಲಿ ಆದೇಶ ಬಂದರೆ ಗೊಣಗುತ್ತಾರೆ, ಆದರೂ ಕೋವಿ ಕೊಟ್ಟು ರಸೀದಿ ತರುತ್ತಾರೆ. ಮತ ಕೇಳುವ ದಿನಗಳಲ್ಲಿ ಜಗಳ ಮಾತಿನಲ್ಲೇ ಮುಗಿಯಬೇಕು, ಆಯುಧಕ್ಕೆ ಹೋಗಬಾರದು ಎಂಬುದು ಆ ವ್ಯವಸ್ಥೆಯ ಹಿಂದಿನ ತಿಳಿವಳಿಕೆ.

ಆ ದಿನಗಳಲ್ಲಿ ಮಾತಿಗಂತೂ ಬರವಿರುವುದಿಲ್ಲ. ಮಿಮಿಕ್ರಿ, ಟ್ರೋಲ್, ಡಬ್ಬಿಂಗ್ ಮಾಡಿದ ತುಣುಕುಗಳು ಒಂದು ವಾಟ್ಸ್ಆ್ಯಪ್ ಗುಂಪಿನಿಂದ ಇನ್ನೊಂದಕ್ಕೆ ಹಾರುತ್ತವೆ. ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಗೆ ಎಲ್ಲ ಪಕ್ಷಗಳ ನಾಯಕರೂ ಬರುತ್ತಾರೆ. ಅಂಥ ವೇದಿಕೆಯಲ್ಲಿ ಕೊಟ್ಟ ಭರವಸೆ ಈಡೇರದಿದ್ದರೆ ಹಳೆಯ ವಿಡಿಯೊ ಮುಂದಿನ ವರ್ಷ ನಗೆಯ ಸರಕಾಗುತ್ತದೆ. ಆಗ ಹಿರಿಯರು ಕೇಳುವ ಪ್ರಶ್ನೆ ಒಂದೇ: ಇದಕ್ಕೊಂದು ಮಿತಿ ಬೇಡವೇ?

ಬೇಕು. ಆದರೆ ಆ ಮಿತಿಯನ್ನು ಎಲ್ಲಿ ಎಳೆಯಬೇಕು ಎಂಬಲ್ಲಿ ನಾವು ಪದೇ ಪದೇ ಎಡವುತ್ತಿದ್ದೇವೆ. ಯಾರಿಗೆ ನೋವಾಯಿತು ಎಂದು ಮೊದಲು ಕೇಳುತ್ತೇವೆ. ಮೊದಲು ಕೇಳಬೇಕಾದದ್ದು ಬೇರೆ: ನಗೆ ಯಾರ ಕಡೆ ತಿರುಗಿದೆ? ಅದರ ತಳದಲ್ಲಿ ನಡೆದ ಸಂಗತಿ ಇದೆಯೇ, ಕಟ್ಟಿದ ಸುಳ್ಳಿದೆಯೇ? ಈ ಎರಡಕ್ಕೆ ಉತ್ತರ ಸಿಕ್ಕರೆ ವಿಡಂಬನೆ ಯಾವುದು, ಬರಿಯ ಅವಮಾನ ಯಾವುದು ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಆಳುವವರನ್ನು ನೋಡಿ ನಗುವುದು ಮೊಬೈಲಿನ ಜೊತೆ ಬಂದ ಚಾಳಿಯಲ್ಲ. ದೊಡ್ಡಾಟದಲ್ಲಿ ರಾಜ ಎಷ್ಟೇ ಗದೆ ತಿರುಗಿಸಿ ಬಂದರೂ ಅವನನ್ನು ಮಾತಾಡಿಸಿ, ಕೆಣಕಿ, ಪ್ರಶ್ನೆ ಹಾಕುವ ಅಧಿಕಾರ ಸಾರಥಿಗಿದೆ. ತಾಂಡಾಗಳಲ್ಲಿ ಹೋಳಿಯ ಲೇಂಗಿ ಹಾಡು ಎದುರಿಗಿದ್ದವರನ್ನು ಚುಡಾಯಿಸಿಯೇ ಮುಂದೆ ಸಾಗುತ್ತದೆ, ಕೇಳಿದವರು ಅದಕ್ಕಾಗಿ ಪಂಚಾಯಿತಿ ಸೇರಿಸುವುದಿಲ್ಲ. ಅಚ್ಚಿಗೆ ಬಂದರೆ, 1942ರಲ್ಲಿ ವೈದ್ಯರಾಗಿದ್ದ ರಾಶಿಯವರು ‘ಕೊರವಂಜಿ’ ಆರಂಭಿಸಿ 25 ವರ್ಷ ನಡೆಸಿದರು. ಮುಂದೆ ದೇಶಕ್ಕೆಲ್ಲ ಪರಿಚಿತರಾದ ಆರ್.ಕೆ. ಲಕ್ಷ್ಮಣ್ ಅದರಲ್ಲಿ ಚಿತ್ರ ಬರೆದರು. ಯುದ್ಧಕಾಲದ ರೇಷನ್‌, ಕಾಳಸಂತೆಯ ದಿನಗಳಲ್ಲಿ ಹುಟ್ಟಿ, ಸ್ವಾತಂತ್ರ್ಯ ಬಂದ ಮೇಲೆ ಹೊಸ ಮಂತ್ರಿಗಳನ್ನೂ ಕಂಡ ಪತ್ರಿಕೆ ಅದು.

ಅಚ್ಚಿಗಿಂತ ಹೆಚ್ಚು ಜನರನ್ನು ಮುಟ್ಟಿದ್ದು ಕಂಪನಿ ನಾಟಕ. ದಾವಣಗೆರೆ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಚಿಂದೋಡಿ ಲೀಲಾ ಅವರ ಊರಿದು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಸಾವಿರಾರು ಪ್ರದರ್ಶನ ಕಂಡಿತು. ಆ ನಾಟಕದ ಶಕ್ತಿ ಇದ್ದದ್ದು ಬರೆದಿಟ್ಟ ಸಂಭಾಷಣೆಯಲ್ಲಿ ಅಲ್ಲ. ಬೆಳಗಿನ ಪತ್ರಿಕೆಯಲ್ಲಿ ಬಂದ ಸುದ್ದಿ ಸಂಜೆಯ ರಂಗದ ಮೇಲೆ ಮಾತಾಗುತ್ತಿತ್ತು. ಲಂಚ ತೆಗೆದುಕೊಳ್ಳುವ ಅಧಿಕಾರಿ, ಕೊಡಿಸುವ ಮಂತ್ರಿ, ಕೊನೆಗೆ ಕೊಡುವ ನಾವು, ಎಲ್ಲರೂ ಅದರಲ್ಲಿದ್ದೆವು. ಕೊಡುವವರನ್ನೂ ಬಿಡದೆ ಕುಟುಕಿದ್ದರಿಂದಲೇ ಆ ನಗೆ ಒಂದು ಪಕ್ಷದ ಪ್ರಚಾರವಾಗಲಿಲ್ಲ. ಈಗಿನ ಟ್ರೋಲ್ ಪುಟಗಳಲ್ಲಿ ಹಲವು ಕಳೆದುಕೊಂಡಿರುವುದು ಇದನ್ನೇ. ಎದುರು ಪಕ್ಷದ ನಾಯಕ ತೊದಲಿದರೆ ಅವರಿಗೆ ಕಾಣುತ್ತದೆ, ತಮ್ಮವನು ಸುಳ್ಳು ಹೇಳಿದರೆ ಕಾಣುವುದಿಲ್ಲ. ಅದು ಹಾಸ್ಯದ ಬಟ್ಟೆ ತೊಟ್ಟ ಪ್ರಚಾರ, ಓದುಗರು ಅದನ್ನು ಹಾಗೆಯೇ ಎಣಿಸಬೇಕು.

ಪಕ್ಕದ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ ಹುಟ್ಟಿದ ಪಿ. ಲಂಕೇಶ್ 1980ರಲ್ಲಿ ಜಾಹೀರಾತಿಲ್ಲದ ಪತ್ರಿಕೆ ಹೊರತಂದರು. ಆಗ ಮುಖ್ಯಮಂತ್ರಿ ಗುಂಡೂರಾವ್. ಪತ್ರಿಕೆ ಅವರನ್ನು ‘ಗುಂ’ ಎಂದು ಕರೆಯಿತು, ಜನರೂ ಹಾಗೇ ಕರೆದರು. ಒಬ್ಬ ಮುಖ್ಯಮಂತ್ರಿಯ ಹೆಸರು ಒಂದೇ ಅಕ್ಷರಕ್ಕೆ ಇಳಿದಾಗ ಅವರ ಸುತ್ತ ಇದ್ದ ಭಯವೂ ಅಷ್ಟಕ್ಕೆ ಇಳಿಯಿತು. ವಿಡಂಬನೆ ರಾಜಕೀಯದಲ್ಲಿ ಮಾಡುವ ಮುಖ್ಯ ಕೆಲಸ ಇದೇ ಎಂದು ನಾನು ನಂಬುತ್ತೇನೆ: ಅದು ಸರ್ಕಾರ ಬೀಳಿಸುವುದಿಲ್ಲ, ಹೆದರಿಕೆ ಇಳಿಸುತ್ತದೆ. ಹೆದರಿಕೆ ಇಳಿದವರು ಪ್ರಶ್ನೆ ಕೇಳುತ್ತಾರೆ.

2019ರ ಲೋಕಸಭಾ ಚುನಾವಣೆಯಲ್ಲಿ ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂಬ ಮಾತು ರಾಜ್ಯವನ್ನೆಲ್ಲ ಸುತ್ತಿದ್ದು ನೆನಪಿರಬಹುದು. ಅದು 2016ರಲ್ಲಿ ‘ಜಾಗ್ವಾರ್’ ಚಿತ್ರದ ಹಾಡುಗಳ ಬಿಡುಗಡೆ ಸಮಾರಂಭದಲ್ಲಿ ಎಚ್.ಡಿ. ಕುಮಾರಸ್ವಾಮಿ ಮಗನನ್ನು ಕರೆದ ಮಾತು. ಯಾರೂ ಅದನ್ನು ಕಟ್ಟಿ ಹೇಳಿರಲಿಲ್ಲ, ತಿರುಚಿರಲಿಲ್ಲ. ಮೂರು ವರ್ಷ ಸುಮ್ಮನಿದ್ದ ತುಣುಕು, ಮುಖ್ಯಮಂತ್ರಿಯ ಮಗ ಮಂಡ್ಯದಲ್ಲಿ ಅಭ್ಯರ್ಥಿಯಾದಾಗ ಎದ್ದು ಕೂತಿತು. ಆ ನಗೆಯ ಹಿಂದೆ ಕುಟುಂಬ ರಾಜಕಾರಣದ ಬಗೆಗಿನ ನಿಜವಾದ ಪ್ರಶ್ನೆ ಇತ್ತು. ನಿಖಿಲ್ ಸುಮಾರು 1.25 ಲಕ್ಷ ಮತಗಳಿಂದ ಸೋತರು. ಸೋಲಿಗೆ ಟ್ರೋಲ್ ಕಾರಣ ಎನ್ನುವುದು ಉತ್ಪ್ರೇಕ್ಷೆ. ಎದುರಾಳಿ ಸುಮಲತಾ ಅವರ ಪರ ಇದ್ದ ಅನುಕಂಪ, ಮೈತ್ರಿ ಪಕ್ಷಗಳ ಒಳಜಗಳ ದೊಡ್ಡ ಕಾರಣಗಳು. ಜನ ಮೊದಲೇ ಯೋಚಿಸುತ್ತಿದ್ದದ್ದನ್ನು ಆ ತುಣುಕು ಎರಡು ಪದಗಳಲ್ಲಿ ಹೇಳಿತು, ಅಷ್ಟೇ.

ಅದೇ ತುಣುಕಿಗೆ ಹೇಳದ ಮಾತನ್ನು ಅಂಟಿಸಿ, ಕೃತಕ ಬುದ್ಧಿಮತ್ತೆಯಿಂದ ದನಿ ನಕಲು ಮಾಡಿ, ನಿಜವೆಂಬಂತೆ ಹಂಚಿದ್ದರೆ? ಆಗ ಅದು ವಿಡಂಬನೆಯಲ್ಲ, ಮೋಸ. ವಿಡಂಬನೆ ತಾನು ಅಣಕ ಎಂಬುದನ್ನು ಮುಚ್ಚಿಡುವುದಿಲ್ಲ, ನೋಡಿದವರಿಗೆ ಅದು ಅಣಕವೆಂದು ತಿಳಿಯುತ್ತದೆ. ಸುಳ್ಳುಸುದ್ದಿ ಬದುಕುವುದೇ ತಿಳಿಯದಿರುವುದರಿಂದ. 2025ರಲ್ಲಿ ರಾಜ್ಯ ಸರ್ಕಾರ ಸಿದ್ಧಪಡಿಸಿದ ಸುಳ್ಳುಸುದ್ದಿ ತಡೆ ಮಸೂದೆಯ ಕರಡಿನಲ್ಲೂ, ಸಾಮಾನ್ಯ ವಿವೇಕವುಳ್ಳವರು ನಿಜವೆಂದು ನಂಬದ ವಿಡಂಬನೆ, ಹಾಸ್ಯ, ಅಣಕಗಳನ್ನು ಹೊರಗಿಡುವ ಮಾತಿತ್ತು. ಗೆರೆ ಸರಿಯಾಗಿದೆ. ಆದರೆ ಆ ‘ಸಾಮಾನ್ಯ ವಿವೇಕವುಳ್ಳ’ ಮನುಷ್ಯ ಯಾರೆಂದು ಮೊದಲು ತೀರ್ಮಾನಿಸುವುದು ದೂರು ಬರೆದುಕೊಳ್ಳುವ ಠಾಣೆ. ತೊಡಕು ಅಲ್ಲಿದೆ.

ಕ್ರೀಡೆಯಲ್ಲಿ ಗುರಿ ತಪ್ಪುವುದು ಇನ್ನೂ ಸುಲಭ. ‘ಈ ಸಲ ಕಪ್ ನಮ್ದೇ’ ಎಂಬ ಆರ್‌ಸಿಬಿ ಘೋಷಣೆಯನ್ನು ಕನ್ನಡಿಗರು ವರ್ಷಾನುಗಟ್ಟಲೆ ತಾವೇ ಆಡಿಕೊಂಡು ನಕ್ಕರು. ಸೋತವರು ತಮ್ಮ ಸೋಲಿಗೆ ತಾವೇ ನಗುವುದಕ್ಕಿಂತ ಆರೋಗ್ಯಕರವಾದ ಹಾಸ್ಯ ಇಲ್ಲ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಕಪ್ ಬಂತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಆಗ ಹರಿದಾಡಿದ ಕೆಲವು ಜೋಕುಗಳು ನನ್ನನ್ನು ಇಂದಿಗೂ ನೋಯಿಸುತ್ತವೆ: ಆಟ ನೋಡಲು ಯಾಕೆ ಹೋದರು, ಕೆಲಸ ಇರಲಿಲ್ಲವೇ ಎಂದು ಸತ್ತ ಮಕ್ಕಳನ್ನೇ ಕೇಳಿದ ಜೋಕುಗಳು. ಅದೇ ವಾರ ಬೇರೆ ಬಗೆಯ ಚಿತ್ರಗಳೂ ಬಂದವು. ತಂಡ, ಕ್ರಿಕೆಟ್ ಸಂಸ್ಥೆ, ಕಾರ್ಯಕ್ರಮ ಆಯೋಜಕರು, ಪೊಲೀಸರು, ಸರ್ಕಾರ ಒಬ್ಬರತ್ತ ಒಬ್ಬರು ಬೆರಳು ಮಾಡುವುದನ್ನು ಅವು ತೋರಿಸಿದವು. ಸಾವಿನ ಹೊತ್ತಿನಲ್ಲಿ ನಗಬಾರದು ಎನ್ನುವವರಿಗೆ ನನ್ನ ಉತ್ತರ ಈ ವ್ಯತ್ಯಾಸದಲ್ಲಿದೆ. ಮೊದಲನೆಯದು ಬಿದ್ದವರನ್ನು ತುಳಿಯಿತು, ಎರಡನೆಯದು ಗೇಟಿನ ಕೀಲಿ ಯಾರ ಕೈಯಲ್ಲಿತ್ತು ಎಂದು ಕೇಳಿತು.

ಕಾನೂನು ಕೈಚಾಚಲಾಗದ ಕಡೆಗೂ ನಗೆ ಹೋಗುತ್ತದೆ. ಕರ್ನಾಟಕ ಪ್ರೀಮಿಯರ್ ಲೀಗ್ ಫಿಕ್ಸಿಂಗ್ ಪ್ರಕರಣದಲ್ಲಿ 2019ರಲ್ಲಿ ಆಟಗಾರರ ಬಂಧನವಾಯಿತು. 2022ರ ಜನವರಿಯಲ್ಲಿ ನಮ್ಮ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ಅಪ್ರಾಮಾಣಿಕತೆ ಇರಬಹುದು, ಆದರೆ ಅದು ದಂಡಸಂಹಿತೆಯ ವಂಚನೆ ಅಪರಾಧದೊಳಗೆ ಬರುವುದಿಲ್ಲ, ಕ್ರಮ ಕೈಗೊಳ್ಳುವ ಅಧಿಕಾರ ಕ್ರಿಕೆಟ್ ಮಂಡಳಿಗಿದೆ ಎಂದಿತು. ಟಿಕೆಟ್ ಕೊಂಡು ಆಟವೆಂದು ನಂಬಿ ಕೂತ ಪ್ರೇಕ್ಷಕನಿಗೆ ಕೋರ್ಟಿನಲ್ಲಿ ಜಾಗ ಸಿಗಲಿಲ್ಲ. ಅವನ ಪರ ಮಾತಾಡಲು ವ್ಯಂಗ್ಯಚಿತ್ರಕಾರ ಬೇಕು.

ಇನ್ನು ಬಂದೂಕಿನ ವಿಷಯ. ಇಲ್ಲಿ ಅಮೆರಿಕದ ಉದಾಹರಣೆ ಕಲಿಸುವಂಥದ್ದು, ಏಕೆಂದರೆ ಅಲ್ಲಿ ಜನರ ಸಂಖ್ಯೆಗಿಂತ ಖಾಸಗಿ ಬಂದೂಕುಗಳ ಸಂಖ್ಯೆ ಹೆಚ್ಚು. ‘ದಿ ಆನಿಯನ್’ ಎಂಬ ವಿಡಂಬನ ಪತ್ರಿಕೆ 2014ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಐಲಾ ವಿಸ್ಟಾ ಹತ್ಯಾಕಾಂಡದ ನಂತರ ಒಂದು ಸುದ್ದಿ ಬರೆಯಿತು. ಇಂಥದ್ದು ನಿತ್ಯ ನಡೆಯುವ ಏಕೈಕ ದೇಶದವರು ಇದನ್ನು ತಡೆಯಲು ದಾರಿಯೇ ಇಲ್ಲ ಎನ್ನುತ್ತಾರೆ ಎಂಬುದು ಅದರ ತಿರುಳು. ಮುಂದೆ ದೊಡ್ಡ ಹತ್ಯಾಕಾಂಡ ನಡೆದಾಗಲೆಲ್ಲ ಊರು, ಸಂಖ್ಯೆ ಬದಲಿಸಿ ಅದೇ ಸುದ್ದಿಯನ್ನು ಹಾಕುತ್ತ ಬಂತು. 2022ರಲ್ಲಿ ಟೆಕ್ಸಸ್‌ನ ಯುವಾಲ್ಡಿಯಲ್ಲಿ ಶಾಲಾಮಕ್ಕಳು ಸತ್ತಾಗ ಅಂತರ್ಜಾಲದ ತನ್ನ ಮುಖಪುಟವನ್ನು ಆ ಎಲ್ಲ ಹಳೆಯ ಸುದ್ದಿಗಳಿಂದಲೇ ತುಂಬಿತು. ಸತ್ತವರ ಬಗ್ಗೆ ಅಲ್ಲಿ ಒಂದು ಹಗುರ ಮಾತಿಲ್ಲ. ಕಾನೂನು ಬದಲಾಗಲಿಲ್ಲ, ಆದ್ದರಿಂದ ಸುದ್ದಿಯೂ ಬದಲಾಗಬೇಕಿಲ್ಲ ಎಂದು ಆಳುವವರ ಮುಖಕ್ಕೆ ಹಿಡಿದದ್ದಷ್ಟೆ.

ನಮ್ಮಲ್ಲಿ 1959ರ ಆಯುಧ ಕಾಯ್ದೆಯಂತೆ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ, 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ, ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಈ ವಿನಾಯಿತಿ ಇಂದಿಗೂ ಬೇಕೇ ಎಂದು ಅಣಕಿಸಿ ಕೇಳಬಹುದು, ಅದು ನೀತಿಯ ಪ್ರಶ್ನೆ. ಆದರೆ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಇಟ್ಟು ಪೂಜಿಸುವವರನ್ನು ಮಾತೆತ್ತಿದರೆ ಗುಂಡು ಹಾರಿಸುವ ಜನ ಎಂದು ತೋರಿಸುವ ಹಾಸ್ಯಕ್ಕೆ ಯಾವ ಪ್ರಶ್ನೆಯೂ ಇಲ್ಲ. ಲಂಬಾಣಿ ತಾಯಂದಿರ ಉಡುಗೆಯನ್ನೋ ತಾಂಡಾದವರ ಕನ್ನಡವನ್ನೋ ಅಣಕಿಸಿ ಚಪ್ಪಾಳೆ ಗಿಟ್ಟಿಸುವುದೂ ಅಂಥದ್ದೇ. ಅಧಿಕಾರವಿಲ್ಲದವರನ್ನು ನಗೆಪಾಟಲು ಮಾಡಲು ಧೈರ್ಯ ಬೇಕಿಲ್ಲ.

ಬರೆದ ಮಾತಿಗೆ ಬಂದೂಕಿನಿಂದ ಉತ್ತರ ಕೊಟ್ಟದ್ದನ್ನೂ ನಮ್ಮ ರಾಜ್ಯ ಕಂಡಿದೆ. 2008ರ ಒಂದು ವರದಿಯಿಂದ ಮಾನಹಾನಿಯಾಯಿತೆಂದು ಬಿಜೆಪಿ ನಾಯಕರು ಪತ್ರಕರ್ತೆ ಗೌರಿ ಲಂಕೇಶ್ ವಿರುದ್ಧ ಕೋರ್ಟಿಗೆ ಹೋದರು. 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಆರು ತಿಂಗಳ ಶಿಕ್ಷೆ ವಿಧಿಸಿತು, ಅವರು ಜಾಮೀನು ಪಡೆದರು. ಆ ತೀರ್ಪನ್ನು ಒಪ್ಪದವರಿರಬಹುದು, ಆದರೆ ಮೇಲ್ಮನವಿಯ ಬಾಗಿಲಿದ್ದ ದಾರಿ ಅದು. 2017ರ ಸೆಪ್ಟೆಂಬರ್ 5ರ ರಾತ್ರಿ ಅವರನ್ನು ಮನೆಯ ಮುಂದೆಯೇ ಗುಂಡಿಕ್ಕಿ ಕೊಂದವರಿಗೆ ಯಾವ ಬಾಗಿಲೂ ಬೇಕಿರಲಿಲ್ಲ. 2015ರಲ್ಲಿ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಕೊಂದದ್ದೂ ಅದೇ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು.

ಗುಂಡಿಲ್ಲದೆಯೂ ಬಾಯಿ ಮುಚ್ಚಿಸಬಹುದು. 2020ರ ಜನವರಿಯಲ್ಲಿ ಬೀದರ್‌ನ ಶಾಲೆಯೊಂದರಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಆಡಿದ ನಾಟಕಕ್ಕೆ ದೇಶದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯಶಿಕ್ಷಕಿ ಮತ್ತು ಒಬ್ಬ ವಿದ್ಯಾರ್ಥಿಯ ತಾಯಿ ಜೈಲಿಗೆ ಹೋದರು, ಪುಟ್ಟ ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ಪ್ರಶ್ನಿಸಿದರು. ಹೈಕೋರ್ಟಿನ ಕಲಬುರಗಿ ಪೀಠ ಪ್ರಕರಣವನ್ನು ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ಮೂರು ವರ್ಷ ಅವರು ಹೊತ್ತ ಭಾರವನ್ನು ಯಾವ ತೀರ್ಪೂ ಹಿಂದಕ್ಕೆ ತೆಗೆದುಕೊಳ್ಳಲಾರದು. 2021ರ ನವೆಂಬರ್‌ನಲ್ಲಿ ಮುನವ್ವರ್ ಫಾರೂಕಿಯ ಬೆಂಗಳೂರು ಪ್ರದರ್ಶನ ನಿಂತದ್ದೂ ಶಾಂತಿ ಕದಡಬಹುದು ಎಂಬ ಪೊಲೀಸ್ ಪತ್ರದಿಂದ. ಬೆದರಿಕೆ ಹಾಕಿದವರನ್ನು ತಡೆಯುವ ಬದಲು ಹಾಸ್ಯಗಾರನನ್ನು ತಡೆಯಲಾಯಿತು.

ಈ ಅಭ್ಯಾಸಕ್ಕೆ ಸುಪ್ರೀಂ ಕೋರ್ಟ್ 2025ರ ಮಾರ್ಚ್ 28ರಂದು ಕವಿ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ತಡೆ ಹಾಕಿದೆ. ಕವಿತೆ, ನಾಟಕ, ವಿಡಂಬನೆ, ಸ್ಟ್ಯಾಂಡಪ್ ಕಾಮಿಡಿ ಬದುಕಿಗೆ ಅರ್ಥ ಕೊಡುವಂಥವು ಎಂದ ಪೀಠ, ಆಡಿದ ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕಿಯಾದವರ ಅಳತೆಗೋಲಿನಿಂದ ನೋಡಬೇಕು, ಪ್ರತಿ ಟೀಕೆಯಲ್ಲೂ ಅಪಾಯ ಕಾಣುವವರ ಅಳತೆಯಿಂದಲ್ಲ ಎಂದಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಮು ಇದಕ್ಕೊಂದು ದಾರಿಯನ್ನೂ ಕೊಡುತ್ತದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್‌ಪಿ ಅನುಮತಿ ಪಡೆದು, ಎಫ್‌ಐಆರ್‌ಗೆ ಮೊದಲು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಮಾತು, ಬರಹದ ಮೇಲಿನ ದೂರುಗಳಲ್ಲಿ ಸಾಮಾನ್ಯವಾಗಿ ಆ ದಾರಿಯನ್ನೇ ಹಿಡಿಯುವುದು ಸರಿ ಎಂದು ಕೋರ್ಟ್ ಹೇಳಿದೆ.

ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರಿನ ಠಾಣಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಹುಡುಗನೊಬ್ಬ ಶಾಸಕರನ್ನು ಅಣಕಿಸಿ ವಿಡಿಯೊ ಮಾಡಿದ ಎಂದು ದೂರು ತಂದವರು ನಿಮ್ಮೆದುರು ಕೂತಾಗ ಅವನನ್ನು ಕರೆಸಿ ಕ್ಷಮೆ ಕೇಳಿಸುವ ವಿಡಿಯೊ ಮಾಡಬೇಡಿ. ಆ 14 ದಿನಗಳನ್ನು ಬಳಸಿ. ತುಣುಕು ಕಟ್ಟಿದ ಸುಳ್ಳೇ, ಹಿಂಸೆಗೆ ಕರೆ ಕೊಡುತ್ತದೆಯೇ, ಒಂದು ಜಾತಿಯನ್ನು ಹೀನವಾಗಿಸುತ್ತದೆಯೇ ಎಂದು ನೋಡಿ. ಹಾಗಿದ್ದರೆ ಕ್ರಮ ಕೈಗೊಳ್ಳಿ. ಶಾಸಕರಿಗೆ ಬೇಸರವಾಗಿದೆ ಎಂಬುದೊಂದೇ ಕಾರಣವಾದರೆ ದೂರುದಾರರಿಗೆ ಹಿಂಬರಹ ಕೊಟ್ಟು ಕಳಿಸಿ.